ಮಳೆ ಹಿಡಿಯುವ ಮುಂಚೆ ಆ ಬೋಲ್ಟ್ ಬಿಚ್ಚಿ ನೋಡಿ

ಹಳೆಯ ಪಿಕಪ್ ಇಟ್ಟುಕೊಂಡಿರುವ ಮಲೆನಾಡಿನ ಬೆಳೆಗಾರರಿಗೆ, ಬಾಡಿಗೆ ಓಡಿಸುವ ಚಾಲಕ ಬಂಧುಗಳಿಗೆ,



ಮೇ ತಿಂಗಳು ಮುಗಿಯುತ್ತಾ ಬಂತು. ಸೌದೆ ಒಳಗೆ ಸೇರಿದೆ. ಕೊಟ್ಟಿಗೆಗೆ ದರಗು ತುಂಬಿ ಆಗಿದೆ. ಮಾಡಿನ ಒಡೆದ ಹೆಂಚು ಬದಲಾಯಿಸಿದ್ದೀರಿ, ಕೊಳೆರೋಗಕ್ಕೆ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ ತಂದಿಟ್ಟಿದ್ದೀರಿ. ಇಷ್ಟನ್ನೂ ಹೊತ್ತು ತಂದ ಗಾಡಿ ಅಂಗಳದ ಮೂಲೆಯಲ್ಲಿ ನಿಂತಿದೆ. ಅದಕ್ಕೆ ಮಳೆಗಾಲದ ತಯಾರಿ ಏನು ಮಾಡಿದಿರಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಎಂಜಿನ್ ಆಯಿಲ್ ಬದಲಾಯಿಸುವುದನ್ನು ನಾವು ಯಾರೂ ಮರೆಯುವುದಿಲ್ಲ. ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ, ಬ್ಯಾಟರಿ ಇಳಿದರೆ ಬೆಳಿಗ್ಗೆ ಎದ್ದ ಕೂಡಲೇ ಗೊತ್ತಾಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ, ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನ ಎಣ್ಣೆ ಕೊನೆಯ ಸಲ ಯಾವಾಗ ಹಾಕಿಸಿದ್ದು ಎಂದು ಕೇಳಿದರೆ ಮಾತ್ರ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರಿಗಂತೂ ಹಿಂದಿನ ಮಾಲೀಕ ಎಣ್ಣೆ ಬಸಿಯುವ ಬೋಲ್ಟ್ ಮುಟ್ಟಿದ್ದನೋ ಇಲ್ಲವೋ ಅದೂ ತಿಳಿಯದು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅದಕ್ಕಾಗಿ ಬಣ್ಣ ಹೊಡೆಸುತ್ತೇವೆ, ಲೈಟು ಸರಿಮಾಡಿಸುತ್ತೇವೆ, ರಿಫ್ಲೆಕ್ಟರ್ ಪಟ್ಟಿ ಅಂಟಿಸುತ್ತೇವೆ. ಅಡಿಯಲ್ಲಿ ಕತ್ತಲೆಯಲ್ಲಿ ತಿರುಗುವ ಹಲ್ಲುಗಳು ಯಾವ ಎಣ್ಣೆಯಲ್ಲಿ ಮುಳುಗಿವೆ ಎಂದು ಬಗ್ಗಿ ನೋಡುವವರು ಕಡಿಮೆ.

ನಾನೂ ನೋಡಿರಲಿಲ್ಲ. ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಹಳ್ಳ ಇದೆ, ಆಗ ಅದಕ್ಕೆ ಸೇತುವೆ ಇರಲಿಲ್ಲ. ಒಂದು ಆಷಾಢದ ಸಂಜೆ ಪೇಟೆಯಿಂದ ಗೊಬ್ಬರ ಹೇರಿಕೊಂಡು ಬಂದವನು ಹಳ್ಳಕ್ಕೆ ಗಾಡಿ ಇಳಿಸಿದೆ. ನೀರು ಹೌಸಿಂಗ್ ಮುಳುಗುವಷ್ಟಿತ್ತು. ನಡುವೆ ಒಂದು ಕಲ್ಲಿಗೆ ಚಕ್ರ ಸಿಕ್ಕಿ ಐದು ನಿಮಿಷ ನಿಲ್ಲಬೇಕಾಯಿತು. ಹೇಗೋ ದಾಟಿ ಮನೆ ಸೇರಿದೆವು, ಅಲ್ಲಿಗೆ ಮರೆತೆ. ದೀಪಾವಳಿ ಕಳೆದ ಮೇಲೆ ಕುಂದಾಪುರದ ಕಡೆಯಿಂದ ಹೆಂಚು ತುಂಬಿಕೊಂಡು ಬಾಳೆಬರೆ ಘಾಟಿ ಹತ್ತುತ್ತಿದ್ದಾಗ ಹಿಂದಿನಿಂದ ಊಳಿಟ್ಟ ಹಾಗೆ ಒಂದು ಶಬ್ದ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಪ್ಪ, ‘ನಿಲ್ಸು, ಏನೋ ಆಗಿದೆ’ ಅಂದರು. ಮುಂದಿನ ತಿರುವಿನಲ್ಲಿ ನಿಲ್ಲಿಸೋಣ ಅಂದುಕೊಂಡೆ. ತಿರುವು ಬರುವ ಮುಂಚೆ ಪಿನಿಯನ್ ಬೇರಿಂಗ್ ಪುಡಿಯಾಗಿ ಗಾಡಿ ನಿಂತಿತು. ಕತ್ತಲಾಗುವವರೆಗೆ ನಾನೂ ಅಪ್ಪನೂ ಚಕ್ರಕ್ಕೆ ಕಲ್ಲು ಕೊಟ್ಟು ಕಾವಲು ಕೂತೆವು.

ಮರುದಿನ ಮೇಸ್ತ್ರಿ ಬಂದು ಹೌಸಿಂಗಿನ ಡ್ರೈನ್ ಬೋಲ್ಟ್ ಬಿಚ್ಚಿದರು. ಮೊದಲು ಒಂದು ಲೋಟದಷ್ಟು ಬರೀ ನೀರು ಸುರಿಯಿತು. ಆಮೇಲೆ ಹಾಲು ಹೆಚ್ಚಾದ ಕಾಫಿಯ ಬಣ್ಣದ್ದು ಏನೋ ನಿಧಾನಕ್ಕೆ ಇಳಿಯತೊಡಗಿತು. ಅವರು ಅದರಲ್ಲಿ ಬೆರಳದ್ದಿ ನನ್ನ ಅಂಗೈಗೆ ಸವರಿದರು. ‘ಉಜ್ಜಿ ನೋಡಿ. ಎಣ್ಣೆ ಆಗಿದ್ರೆ ಜಾರ್ಬೇಕಿತ್ತು. ಇದು ಜಾರ್ತಾ ಇಲ್ಲ’ ಅಂದರು. ಅಂಗೈಯಲ್ಲಿ ಸಣ್ಣ ಮರಳಿನಂತೆ ಕಬ್ಬಿಣದ ಪುಡಿ ತಾಗುತ್ತಿತ್ತು. ಕ್ರೌನ್, ಪಿನಿಯನ್, ಬೇರಿಂಗ್ ಎಲ್ಲ ಹೊಸದು ಹಾಕಿಸುವ ಹೊತ್ತಿಗೆ ಆ ವರ್ಷದ ಗೊಬ್ಬರಕ್ಕೆ ಎತ್ತಿಟ್ಟ ದುಡ್ಡು ಮುಗಿಯಿತು. ಅದೇ ಜೂನ್‌ನಲ್ಲಿ ಪೇಟೆಯ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆ, ಬಿಲ್ಲಿನಲ್ಲಿ ಎಲ್ಲ ಎಣ್ಣೆ ಬದಲಾಯಿಸಿದ್ದಾಗಿ ಬರೆದಿತ್ತು. ಆದರೆ ಬಿಚ್ಚುವ ಮುನ್ನ ಆ ಬೋಲ್ಟಿನ ಮೇಲೆ ಎರಡು ಮಳೆಗಾಲದ ಕೆಸರು ಗಟ್ಟಿಯಾಗಿ ಕೂತಿದ್ದನ್ನು ನಾನೇ ಕಣ್ಣಾರೆ ಕಂಡೆ. ಅಂದಿನಿಂದ ಈ ಕೆಲಸವನ್ನು ಬೇರೆಯವರ ಕೈಗೆ ಬಿಟ್ಟಿಲ್ಲ.

ನೀರು ಒಳಗೆ ಹೋದದ್ದು ಹೇಗೆ ಎಂದು ಆಮೇಲೆ ತಿಳಿಯಿತು. ನಿಮಗೆಲ್ಲ ತಿಳಿದಿರಬೇಕಾದ ಮುಖ್ಯ ಸಂಗತಿ ಅದೇ. ಹೌಸಿಂಗಿನ ಮೇಲೆ ಬ್ರೀದರ್ ಎಂಬ ಪುಟ್ಟ ಮೂಗು ಇರುತ್ತದೆ. ಗಾಡಿ ಓಡಿ ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅದರ ಮೂಲಕ ಹೊರಗೆ ಹೋಗುತ್ತದೆ, ತಣಿದಾಗ ಒಳಗೆ ಬರುತ್ತದೆ. ಬಿಸಿ ಹೌಸಿಂಗನ್ನು ತಣ್ಣನೆಯ ಹಳ್ಳದ ನೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿಹೋಗಿದ್ದರೆ ಹಳೆಯ ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಹೀರುತ್ತದೆ. ನನ್ನ ಗಾಡಿಯ ಬ್ರೀದರ್ ಕೆಸರು ತುಂಬಿ ಕಲ್ಲಿನಂತಾಗಿತ್ತು. ಅದನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿದರೆ ಆಯಿತು, ಹತ್ತು ನಿಮಿಷದ ಕೆಲಸ. ಹಳ್ಳ ದಾಟುವ ಗಾಡಿಯಾದರೆ ಬ್ರೀದರ್ ಇರುವ ಜಾಗದಿಂದ ಒಂದು ರಬ್ಬರ್ ಪೈಪನ್ನು ಟ್ರೇಯ ಅಡಿಯವರೆಗೆ ಎತ್ತರಕ್ಕೆ ಒಯ್ದು ಕಟ್ಟಿ.

ನಮ್ಮಲ್ಲಿ ಓಡುವ ಗಾಡಿಗಳು ಬೇರೆ ಬೇರೆ ಕಾಲದವು. ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸಲು ಆರಂಭಿಸಿದ್ದು 1947ರಲ್ಲಿ. ಆ ವಂಶದ ಜೀಪಿಗೆ ಹಿಂದೆ ಟ್ರೇ ಕಟ್ಟಿಸಿ ಇವತ್ತಿಗೂ ತೋಟಕ್ಕೆ ಇಳಿಸುವವರಿದ್ದಾರೆ. ಟಾಟಾಮೊಬೈಲ್ ಬಂದದ್ದು 1988ರಲ್ಲಿ, ಬೊಲೆರೊ 2000ದಲ್ಲಿ. ಅವುಗಳ ಪಿಕಪ್‌ಗಳನ್ನು ಇಟ್ಟುಕೊಂಡವರೂ ಊರಿಗೆ ನಾಲ್ಕು ಜನ ಸಿಗುತ್ತಾರೆ. ಗಾಡಿ ಯಾವುದೇ ಇರಲಿ, ಅಡಿಯ ಜೋಡಣೆ ಒಂದೇ ಬಗೆ. ಮುಂದೆ ಎಂಜಿನ್, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಎರಡು ಚಕ್ರಗಳ ನಡುವೆ ಗುಂಡು ಹೊಟ್ಟೆಯ ಹೌಸಿಂಗ್. ಫೋರ್ ವೀಲ್ ಗಾಡಿಯಾದರೆ ನಡುವೆ ಟ್ರಾನ್ಸ್‌ಫರ್ ಕೇಸ್, ಮುಂದೆ ಇನ್ನೊಂದು ಹೌಸಿಂಗ್ ಇರುತ್ತವೆ. ಒಂದರಲ್ಲಿ ಕೈ ಪಳಗಿದರೆ ಎಲ್ಲದರಲ್ಲೂ ಪಳಗಿದಂತೆ.

ಎಣ್ಣೆ ಆರಿಸುವಲ್ಲಿ ಬಹಳ ಜನ ಎಡವುತ್ತಾರೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಗೆ ಹೋಗಿ ‘ತೊಂಬತ್ತು ಎಣ್ಣೆ ಕೊಡಿ’ ಎಂದು ಕೇಳುತ್ತೇವೆ. ತೊಂಬತ್ತು ಎನ್ನುವುದು ದಪ್ಪದ ಲೆಕ್ಕ. ಡಬ್ಬದ ಮೇಲೆ ಇನ್ನೊಂದು ಗುರುತು ಇರುತ್ತದೆ, ಜಿಎಲ್-4 ಅಥವಾ ಜಿಎಲ್-5. ಅದನ್ನೂ ಓದಬೇಕು. ಹೌಸಿಂಗಿನಲ್ಲಿ ಪಿನಿಯನ್ ಎಂಬ ಸಣ್ಣ ಗೇರನ್ನು ಕ್ರೌನ್ ಎಂಬ ದೊಡ್ಡ ಗೇರಿನ ನಡುಮಟ್ಟದಿಂದ ಸ್ವಲ್ಪ ಕೆಳಗೆ ಕೂರಿಸಿರುತ್ತಾರೆ, ಈ ಜೋಡಣೆಯ ಹೆಸರು ಹೈಪಾಯ್ಡ್. ಅಲ್ಲಿ ಹಲ್ಲುಗಳು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗುತ್ತವೆ. ಬರೀ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕೇ ಗಂಧಕ, ರಂಜಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಹಲ್ಲು ಬಿಸಿಯಾದಲ್ಲಿ ಅವು ಲೋಹದ ಮೇಲೆ ತೆಳು ರಕ್ಷಣೆಯ ಪದರ ಕಟ್ಟುತ್ತವೆ. ಗೇರ್ ಎಣ್ಣೆಯ ಡಬ್ಬ ತೆರೆದಾಗ ಮೂಗಿಗೆ ಬಡಿಯುವ ಘಾಟು ಆ ಗಂಧಕದ್ದು. ಜಿಎಲ್-5ರಲ್ಲಿ ಇವು ಜಿಎಲ್-4ಕ್ಕಿಂತ ಬಹಳ ಹೆಚ್ಚು. ಹೌಸಿಂಗಿಗೆ ಅದು ಬೇಕೇ ಬೇಕು.

ಗೇರ್‌ಬಾಕ್ಸಿನ ಕತೆ ಬೇರೆ. ಹಳೆಯ ಗೇರ್‌ಬಾಕ್ಸಿನ ಸಿಂಕ್ರೊ ರಿಂಗ್‌ಗಳು ಹಿತ್ತಾಳೆಯವು. ಅವು ಕೋನ್ ಮೇಲೆ ಸ್ವಲ್ಪ ಹಿಡಿದು ಎರಡು ಗೇರುಗಳ ವೇಗವನ್ನು ಹೊಂದಿಸಬೇಕು. ಜಿಎಲ್-5 ಹಾಕಿದರೆ ಜಾರು ಹೆಚ್ಚಾಗಿ ರಿಂಗಿನ ಹಿಡಿತ ತಪ್ಪಬಹುದು. ಕೆಲವು ಎಣ್ಣೆಗಳ ಗಂಧಕ ಹಿತ್ತಾಳೆಯನ್ನೇ ತಿನ್ನುತ್ತದೆ. ಎರಡನೇ ಗೇರ್ ಹಾಕುವಾಗ ‘ಕರ್’ ಎನ್ನುವ ಗಾಡಿಗಳಲ್ಲಿ ಕೆಲವಕ್ಕೆ ಬಂದಿರುವ ರೋಗ ಇದೇ. ಗಾಡಿಯ ಪುಸ್ತಕ ಜಿಎಲ್-4 ಎಂದಿದ್ದರೆ ಜಿಎಲ್-4 ಮಾತ್ರ ಹಾಕಿ. ಪುಸ್ತಕ ಕಳೆದುಹೋಗಿದ್ದರೆ ಅದೇ ಮಾಡೆಲ್ ಇರುವವರ ಪುಸ್ತಕದಿಂದ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಯಾವುದಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದೂ ಅದರಲ್ಲೇ ಇರುತ್ತದೆ.

ಶಬ್ದ ಬರುತ್ತಿದೆ ಎಂದರೆ ‘ನೂರಾ ನಲವತ್ತು ಹಾಕಿ, ನಿಲ್ಲುತ್ತೆ’ ಎಂದು ಸಲಹೆ ಕೊಡುವವರಿದ್ದಾರೆ. ದಪ್ಪ ಎಣ್ಣೆ ಶಬ್ದವನ್ನು ಸ್ವಲ್ಪ ದಿನ ಮುಚ್ಚುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ಗೇರ್‌ಬಾಕ್ಸಿಗೆ ಅದನ್ನು ಹಾಕಿದರೆ ಚಳಿಗಾಲದ ಬೆಳಿಗ್ಗೆ ಗೇರ್ ಬೀಳುವುದಕ್ಕೇ ಕಷ್ಟವಾಗುತ್ತದೆ. ನಂಬರ್ ದೊಡ್ಡದಿದ್ದರೆ ಎಣ್ಣೆ ಒಳ್ಳೆಯದು ಎನ್ನುವ ನಂಬಿಕೆಯನ್ನೂ ಬಿಡಿ. ಎಂಜಿನ್ ಎಣ್ಣೆಗೂ ಗೇರ್ ಎಣ್ಣೆಗೂ ಅಳತೆಗೋಲೇ ಬೇರೆ. 100 ಡಿಗ್ರಿ ಬಿಸಿಯಲ್ಲಿ ಗೇರಿನ 90 ಎಣ್ಣೆ, ಎಂಜಿನ್ನಿನ 40 ಅಥವಾ 50ರ ಎಣ್ಣೆ ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತವೆ.

ಇನ್ನು ಕೆಲಸ. ಒಂದು ಭಾನುವಾರದ ಬೆಳಿಗ್ಗೆ ಸಾಕು. ಎಂಟು-ಹತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ, ಎಣ್ಣೆ ಬೆಚ್ಚಗಾದರೆ ತಳದ ಕಸವನ್ನೂ ಹೊತ್ತುಕೊಂಡು ಇಳಿಯುತ್ತದೆ. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಕ್ಕೆ ಮುಂದೆ ಹಿಂದೆ ಮರದ ಅಡೆ ಕೊಡಿ. ಪಿಕಪ್ಪಿನ ಅಡಿ ಎತ್ತರವಿರುವುದರಿಂದ ಜಾಕ್ ಏರಿಸದೆಯೇ ನುಗ್ಗಬಹುದು. ಏರಿಸಲೇಬೇಕಾದರೆ ಸ್ಟ್ಯಾಂಡ್ ಕೊಡದೆ ಅಡಿಗೆ ಹೋಗಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೆಂದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ.

ಬೋಲ್ಟಿನ ಸುತ್ತ ತಂತಿ ಬ್ರಷ್ಷಿನಿಂದ ಕೆರೆದು, ಡೀಸೆಲ್ ಬಟ್ಟೆಯಿಂದ ಒರೆಸಿ. ಮೊದಲು ಬಿಚ್ಚಬೇಕಾದದ್ದು ಮೇಲಿನ ಲೆವೆಲ್ ಬೋಲ್ಟನ್ನು. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಬಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚಲಾಗದಿದ್ದರೆ, ಎಣ್ಣೆ ಇಲ್ಲದ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಮೇಲಿನದು ಸಡಿಲವಾದದ್ದು ಖಾತ್ರಿಯಾದ ಮೇಲೆ ಅಡಿಗೆ ಅಗಲದ ಬೋಗುಣಿ ಇಟ್ಟು ಡ್ರೈನ್ ಬೋಲ್ಟ್ ತೆಗೆಯಿರಿ. ಅರ್ಧ ಗಂಟೆ ಬಸಿಯಲು ಬಿಡಿ. ಕೆಲವು ಹೌಸಿಂಗಿಗೆ ಡ್ರೈನ್ ಬೋಲ್ಟ್ ಇರುವುದಿಲ್ಲ, ಹಿಂದಿನ ಮುಚ್ಚಳವನ್ನೇ ತೆಗೆದು ಒಳಗೆಲ್ಲ ಒರೆಸಿ ಹೊಸ ಪ್ಯಾಕಿಂಗ್ ಹಾಕಿ ಕೂರಿಸಬೇಕು.

ಬಸಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪಾಗಿದ್ದೂ ನುಣ್ಣಗಿದ್ದರೆ ವಯಸ್ಸಾಗಿದೆ ಎಂದಷ್ಟೇ ಅರ್ಥ. ಬಿಳಿಚಿದ್ದರೆ ನೀರು ಸೇರಿದೆ. ಸುಟ್ಟ ವಾಸನೆ ಬಂದರೆ ಎಣ್ಣೆ ಕಡಿಮೆಯಾಗಿ ಕಾದಿದೆ. ಡ್ರೈನ್ ಬೋಲ್ಟಿನ ತುದಿಯಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಕಾಡಿಗೆಯಂಥ ಬೂದು ಬಣ್ಣದ ಲೇಪ ಹತ್ತಿರುತ್ತದೆ. ಬೆರಳಿಗೆ ಹಚ್ಚಿ ತಿಕ್ಕಿ. ನುಣ್ಣಗಿದ್ದರೆ ಚಿಂತೆಯಿಲ್ಲ, ಅದು ದಿನದ ಸವೆತ. ಚುಚ್ಚುವಂಥ ಚೂರು, ಹಲ್ಲಿನ ತುಂಡು ಸಿಕ್ಕಿದರೆ ಮುಂದಿನ ಘಾಟಿಗೆ ಹೋಗಬೇಡಿ, ಮೇಸ್ತ್ರಿಯನ್ನು ಕರೆಯಿರಿ. ಆ ಒಂದು ಬೋಲ್ಟಿನ ತುದಿಯಲ್ಲಿ ನಿಮ್ಮ ಗಾಡಿಯ ಹಿಂದಿನ ವರ್ಷದ ಲೆಕ್ಕವೆಲ್ಲ ಇರುತ್ತದೆ. ಗ್ಯಾರೇಜಿನಲ್ಲಿ ಅದನ್ನು ನೀವು ನೋಡುವ ಮೊದಲೇ ಒರೆಸಿ ಹಾಕಿರುತ್ತಾರೆ. ನೀವೇ ಮಾಡಿ ಎಂದು ನಾನು ಒತ್ತಾಯಿಸುವುದು ಕೂಲಿ ಉಳಿಯುತ್ತದೆಂದು ಮಾತ್ರವಲ್ಲ, ಈ ಲೆಕ್ಕ ಓದಲು ಸಿಗುತ್ತದೆಂದು.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ ಆಗಿದ್ದರೆ ಹೆಚ್ಚು ಬಲ ಬಿಡಬೇಡಿ, ಮರೆ ಹೋಗುತ್ತದೆ. ಮೇಲಿನ ತೂತಿನಿಂದ ಕೈಪಂಪಿನಲ್ಲೋ, ಎತ್ತರಕ್ಕೆ ಕಟ್ಟಿದ ಲಾಳಿಕೆ, ಪೈಪಿನಲ್ಲೋ ಹೊಸ ಎಣ್ಣೆ ಬಿಡಿ. ತೂತಿನ ಅಂಚಿನಿಂದ ಒಂದು ಎಳೆ ಹೊರಗೆ ಇಳಿಯತೊಡಗಿದರೆ ಮಟ್ಟ ಸರಿಯಾಯಿತು. ‘ಇರಲಿ, ಇನ್ನರ್ಧ ಲೀಟರ್’ ಎಂದು ಗಾಡಿ ವಾರೆ ನಿಲ್ಲಿಸಿ ತುಂಬಬೇಡಿ. ಹೆಚ್ಚಾದ ಎಣ್ಣೆ ನೊರೆಯೆದ್ದು ಆ್ಯಕ್ಸಲ್ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಬ್ರೇಕ್ ಲೈನರ್ ಇಟ್ಟುಕೊಂಡು ಆಗುಂಬೆಯ ಹದಿನಾಲ್ಕು ತಿರುವು ಇಳಿಯುವುದನ್ನು ಒಮ್ಮೆ ಯೋಚಿಸಿ ನೋಡಿ.

ಅಡಿಗೆ ಹೋದವರು ಗ್ರೀಸ್ ಗನ್ ಹಿಡಿದೇ ಹೋಗಿ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗೂ ಕ್ರಾಸ್ ಇರುತ್ತದೆ. ನಿಪ್ಪಲ್ ಒರೆಸಿ, ನಾಲ್ಕೂ ಕಪ್ಪಿನಿಂದ ಹಳೆಯ ಗ್ರೀಸ್ ಹೊರಬರುವವರೆಗೆ ಒತ್ತಿ. ಒಂದು ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಅಲ್ಲಿ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ ಎಂದು ತಿಳಿಯಿರಿ. ಕ್ಲಚ್ ಬಿಟ್ಟ ಕೂಡಲೇ ಅಡಿಯಲ್ಲಿ ‘ಟಕ್’ ಎನ್ನುವುದು ಹೆಚ್ಚಾಗಿ ಇದೇ. ಶಾಫ್ಟ್ ಉದ್ದ ಗಿಡ್ಡ ಆಗುವ ಜಾರು ಜೋಡಣೆಗೂ ನಿಪ್ಪಲ್ ಇರುತ್ತದೆ, ಅದನ್ನು ಮರೆಯಬೇಡಿ. ಹಳ್ಳ ದಾಟಿದ ವಾರವೇ ಒಂದು ಸಲ ಗ್ರೀಸ್ ಹೊಡೆದರೆ ಒಳಗೆ ಸೇರಿದ ನೀರು ಹೊರಗೆ ತಳ್ಳಲ್ಪಡುತ್ತದೆ. ಫೋರ್ ವೀಲ್ ಗಾಡಿಯವರು ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಎರಡು ಕಿಲೋಮೀಟರ್ ಓಡಿಸಿ, ಮುಂದಿನ ಹೌಸಿಂಗಿನ ಹಲ್ಲುಗಳಿಗೂ ಎಣ್ಣೆ ಹತ್ತಲಿ. ಒಣ ಟಾರು ರಸ್ತೆಯಲ್ಲಿ ಮಾತ್ರ ಹಾಕಬೇಡಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು, ಏಕೆಂದರೆ ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯಲ್ಲಿ ಕ್ಲಚ್ಚಿಗೂ ಅದೇ ದ್ರವ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಹೇಳಬೇಕೆ? ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ.

ಪುಸ್ತಕದಲ್ಲಿ ಗೇರ್ ಎಣ್ಣೆಗೆ ಸಾವಿರಾರು ಕಿಲೋಮೀಟರಿನ ಲೆಕ್ಕ ಬರೆದಿರುತ್ತದೆ. ಟಾರು ರಸ್ತೆಯಲ್ಲಿ ಓಡುವ ಗಾಡಿಗೆ ಅದು ಸರಿ. ಹಳ್ಳ, ಕೆಸರು, ಘಾಟಿ, ಮೇಲೆ ಭಾರ ಇರುವ ನಮ್ಮ ಗಾಡಿಗಳಿಗೆ ನಾನು ಪಾಲಿಸುವ ಕ್ರಮ ಹೇಳುತ್ತೇನೆ. ಮೃಗಶಿರಾ ಮಳೆಗೆ ಮುಂಚೆ ಬ್ರೀದರ್ ತೊಳೆದು, ಮಟ್ಟ ನೋಡಿ, ಗ್ರೀಸ್ ಹೊಡೆಯುವುದು. ದೊಡ್ಡ ಹಳ್ಳ ದಾಟಿದ್ದರೆ ಮರುದಿನ ಗಾಡಿ ಓಡಿಸುವ ಮೊದಲೇ ಡ್ರೈನ್ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸುವುದು. ನೀರು ಎಣ್ಣೆಗಿಂತ ಭಾರ, ರಾತ್ರಿ ನಿಂತಾಗ ಬೇರೆಯಾದ ನೀರು ತಳಕ್ಕೆ ಇಳಿದಿರುತ್ತದೆ, ಇದ್ದರೆ ಮೊದಲ ಹನಿಯಲ್ಲೇ ಕಾಣುತ್ತದೆ. ಆಗ ಎಣ್ಣೆ ಪೂರ್ತಿ ಬದಲಾಯಿಸುವುದು. ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೌಸಿಂಗಿನ ಎಣ್ಣೆ, ಎರಡು ವರ್ಷಕ್ಕೊಮ್ಮೆ ಗೇರ್‌ಬಾಕ್ಸಿನದು. ಇದಕ್ಕಾಗುವ ಖರ್ಚು ಒಂದು ಹೊಸ ಟೈರಿನ ಬೆಲೆಗಿಂತ ಕಡಿಮೆ.

ಮೇಸ್ತ್ರಿಗಳ ಕೆಲಸ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕ್ರೌನ್ ಪಿನಿಯನ್ನಿನ ಸಂದು ಹೊಂದಿಸುವುದು, ಬೇರಿಂಗ್ ಕೂರಿಸುವುದು, ಪಿನಿಯನ್ ಸೀಲ್ ಹಾಕುವುದು ಅವರ ಕೈಯ ವಿದ್ಯೆ. ಮನೆಯಲ್ಲಿ ಅದಕ್ಕೆ ಕೈ ಹಾಕಬಾರದು. ಆದರೆ ಎಣ್ಣೆ ನೋಡುವುದು ಹಸುವಿನ ಕೆಚ್ಚಲು ನೋಡಿದ ಹಾಗೆ, ಸಾಕಿದವರೇ ದಿನವೂ ಮಾಡುವಂಥದ್ದು. ಡಾಕ್ಟರು ಬರುವುದು ರೋಗ ಬಂದಾಗ.

ಬಸಿದ ಎಣ್ಣೆಯನ್ನು ದಯವಿಟ್ಟು ಬಸಿಗಾಲುವೆಗೆ ಚೆಲ್ಲಬೇಡಿ. ನಮ್ಮ ತೋಟದ ಕಾಲುವೆ ಹಳ್ಳಕ್ಕೆ, ಹಳ್ಳ ಶರಾವತಿಗೋ ತುಂಗೆಗೋ ಸೇರುತ್ತದೆ, ಅದೇ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ, ಅದು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ಒಂದೊಂದು ಮನೆಯಿಂದ ಎರಡು-ಮೂರು ಲೀಟರ್ ಹೊತ್ತು ಅಲ್ಲಿಗೆ ಹೋಗುವವರು ಯಾರು? ಅದಕ್ಕೇ ನನ್ನದೊಂದು ಕೋರಿಕೆ. ಪ್ರತಿ ಊರಿನ ಯುವಕ ಸಂಘವೋ ಸಹಕಾರ ಸಂಘವೋ ಮುಚ್ಚಳವಿರುವ ಒಂದು ಡ್ರಮ್ ಇಡಲಿ. ಅದರ ಜೊತೆಗೆ ಒಂದು ಗ್ರೀಸ್ ಗನ್, ಒಂದು ಎಣ್ಣೆ ಪಂಪು, ಒಂದು ಜೊತೆ ಜಾಕ್ ಸ್ಟ್ಯಾಂಡ್ ಇರಲಿ. ಔಷಧಿ ಹೊಡೆಯುವ ಪಂಪನ್ನು ಒಬ್ಬರಿಂದೊಬ್ಬರು ಎರವಲು ಪಡೆದು ಬದುಕಿದವರು ನಾವು, ಇದೇನು ದೊಡ್ಡದಲ್ಲ. ಡ್ರಮ್ ತುಂಬಿದಾಗ ಒಟ್ಟಿಗೆ ಕಳಿಸೋಣ.

ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಆಸ್ಪತ್ರೆಗೆ ಒಯ್ಯುವುದು ನಿಮ್ಮ ಈ ಹಳೆಯ ಪಿಕಪ್ಪೇ. ಮದುವೆಮನೆಗೆ ಅಕ್ಕಿ, ಸಾವಿನಮನೆಗೆ ಸೌದೆ ಹೊರುವುದೂ ಅದೇ. ಬಸ್ಸು ಬಾರದ ಊರಿನಲ್ಲಿ ಅದು ಕೆಟ್ಟು ನಿಂತರೆ ನಿಮ್ಮ ಮನೆಯೊಂದರ ಕೆಲಸ ಮಾತ್ರ ನಿಲ್ಲುವುದಿಲ್ಲ.

ಆಯುಧಪೂಜೆಯ ದಿನ ನಾವೆಲ್ಲ ಗಾಡಿ ತೊಳೆದು, ಸ್ಟೇರಿಂಗಿಗೆ ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕೈಮುಗಿಯುತ್ತೇವೆ. ಆ ಹೊತ್ತಿಗೆ ಮಳೆಯೂ ಮುಗಿದಿರುತ್ತದೆ. ಹಿಂದಿನ ದಿನ ಬೆಳಿಗ್ಗೆ ಅಡಿಗೆ ಹೋಗಿ ಹೌಸಿಂಗಿನ ಎಣ್ಣೆ ಬದಲಾಯಿಸಿ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಬೋಲ್ಟಿನ ತುದಿಯ ಬೂದು ಲೇಪವನ್ನು ಅವರ ಬೆರಳಿಗೂ ಹಚ್ಚಿ ತಿಕ್ಕಿಸಿ. ಮಾರನೆಯ ದಿನ ಅವರು ಮಾಡುವ ಪೂಜೆಗೆ ಗಾಡಿಯ ಹೊಟ್ಟೆಯೊಳಗಿನದೂ ಸೇರುತ್ತದೆ.

ಅದಕ್ಕಿನ್ನೂ ನಾಲ್ಕೈದು ತಿಂಗಳು ಇದೆ. ಈ ಭಾನುವಾರ ಬ್ರೀದರ್ ತೊಳೆಯಿರಿ, ಮೇಲಿನ ಬೋಲ್ಟ್ ಬಿಚ್ಚಿ ಕಿರುಬೆರಳು ಒಳಗೆ ಹಾಕಿ ನೋಡಿ. ತೂತಿನ ಅಂಚಿನಲ್ಲೇ ಎಣ್ಣೆ ತಾಗಿ, ಬೆರಳಿನ ಮೇಲೆ ಜಾರಿದರೆ ಮಳೆಗಾಲಕ್ಕೆ ನಿಮ್ಮ ಗಾಡಿ ತಯಾರಾಗಿದೆ. ತಾಗದಿದ್ದರೆ ಮಳೆ ಹಿಡಿಯುವ ಮುಂಚೆಯೇ ತಿಳಿಯಿತಲ್ಲ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ, ಹಳೆಯ ಪಿಕಪ್ಪಿನ ಮಾಲೀಕ